ಹಲಗೆಯಾಚೆಯ ವಾಕ್ಯ

ಹಳೆಯ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಕನ್ನಡ ತರಗತಿಗೂ ಇಂಗ್ಲಿಷ್ ತರಗತಿಗೂ ನಡುವೆ ತೆಳುವಾದ ಹಲಗೆಯ ಅಡ್ಡಗೋಡೆಯೊಂದಿತ್ತು. ಈಚೆಗೆ ‘ಶಬ್ದಮಣಿದರ್ಪಣ’ದ ಸಂಧಿಪ್ರಕರಣ ನಡೆಯುತ್ತಿದ್ದರೆ ಆಚೆಯ ಮಾತೆಲ್ಲ ಇಲ್ಲಿಯೇ ಆಡಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ವರ್ಷದ ಮೊದಲ ವಾರ. ಆಚೆಯ ಕೋಣೆಯಲ್ಲಿ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ತಮ್ಮ ಮನೆಯವರ ಪರಿಚಯ ಹೇಳಬೇಕಿತ್ತು. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳ ಸರದಿ ಬಂತು. ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್ ಓನ್ಲಿ, ಸಾರ್’ ಎಂದಳು. ಮುಂದಿನ ಬೆಂಚಿನಿಂದ ಎದ್ದ ನಗು ಹಿಂದಿನ ಬೆಂಚಿನವರೆಗೂ ಹರಡಿತು. ‘ಒಂದೇ ವಾಕ್ಯದಲ್ಲಿ ಎರಡು ತಪ್ಪು. ಕೂತ್ಕೊಳಮ್ಮ’ ಎಂಬ ಮಾತೂ ಕೇಳಿಸಿತು. ಆ ವರ್ಷವಿಡೀ ಹಲಗೆಯ ಆಚೆಯಿಂದ ಅವಳ ದನಿ ಮತ್ತೆ ಕೇಳಲಿಲ್ಲ.

ಈಚೆಯ ಕೋಣೆಯಲ್ಲಿದ್ದ ಕನ್ನಡ ಅಧ್ಯಾಪಕರಿಗೆ ಇಪ್ಪತ್ತು ವರ್ಷಗಳ ಅನುಭವವಿತ್ತು. ಅವರ ಇಂಗ್ಲಿಷ್ ಓದುವುದಕ್ಕೆ ಸಾಕಾಗುವಷ್ಟಿತ್ತು, ಆಡುವುದಕ್ಕೆ ಸಂಕೋಚಪಡುವಷ್ಟು. ಸಂಧಿಯ ಪಾಠ ಮುಂದುವರಿಯಿತಾದರೂ ಆ ವಾಕ್ಯ ಅವರ ಮನಸ್ಸಿನಲ್ಲಿ ಉಳಿದುಕೊಂಡಿತು. ಅವಳು ತಪ್ಪಿದ್ದಳೆಂಬುದು ನಿಜವಿರಬಹುದು. ಆದರೆ ಆ ತಪ್ಪು ಅಡ್ಡಾದಿಡ್ಡಿಯಾಗಿರಲಿಲ್ಲ. ಹತ್ತು ಊರಿನ ಹತ್ತು ಮಕ್ಕಳನ್ನು ಎಬ್ಬಿಸಿ ಕೇಳಿದರೆ ಎಂಟು ಮಂದಿಯಾದರೂ ಅದೇ ವಾಕ್ಯವನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದರು. ಇಷ್ಟು ಜನ ಒಂದೇ ಬಗೆಯಲ್ಲಿ ತಪ್ಪುವುದಾದರೆ ಅದರ ಹಿಂದೊಂದು ಕ್ರಮವಿರಬೇಕು. ಕ್ರಮವಿದ್ದಲ್ಲಿ ವ್ಯಾಕರಣದ ಮೇಷ್ಟ್ರಿಗೆ ಕೆಲಸವುಂಟು. ಹೀಗೆ ಆರಂಭವಾದ ಹುಡುಕಾಟ ಅವರನ್ನು ಎರಡು ಬೇಸಿಗೆ ರಜೆಗಳ ಕಾಲ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೂರಿಸಿತು.

ಮೊದಲು ಅವರು ಕೈಗೆತ್ತಿಕೊಂಡದ್ದು ‘ಓನ್ಲಿ’ಯನ್ನು. ಕನ್ನಡದ ‘ಏ’ ಎಂಬ ಅವಧಾರಣಾರ್ಥಕಾವ್ಯಯ ಮಾಡುವ ಕೆಲಸ ಒಂದೆರಡಲ್ಲ. ‘ಇಬ್ಬರೇ’ ಎಂದರೆ ಮೂರನೆಯವರಿಲ್ಲವೆಂಬ ಮಿತಿ. ‘ಇವತ್ತೇ ಬಂದ’ ಎಂದರೆ ನಾಳೆಯಲ್ಲ, ಇವತ್ತು ಎಂಬ ಒತ್ತು. ‘ಅವನು ಹಾಗೇ’ ಎಂದರೆ ಅವನ ಸ್ವಭಾವವೇ ಅದು, ಬದಲಾಗದು ಎಂಬ ನಿಟ್ಟುಸಿರು. ಇಂಗ್ಲಿಷಿನ ‘ಓನ್ಲಿ’ಗೆ ಇವುಗಳಲ್ಲಿ ಮಿತಿಯ ಅರ್ಥ ಮಾತ್ರವುಂಟು. ಒತ್ತನ್ನು ಇಂಗ್ಲಿಷರು ದನಿಯ ಏರಿಳಿತದಿಂದ ತೋರಿಸುತ್ತಾರೆ, ಇಲ್ಲವೆ ‘ಇಟ್ ವಾಸ್ ಟುಡೇ ದಟ್ ಹಿ ಕೇಮ್’ ಎಂದು ವಾಕ್ಯವನ್ನೇ ಸೀಳಿ ಕಟ್ಟುತ್ತಾರೆ. ಕನ್ನಡದ ಕಿವಿಯುಳ್ಳವರು ಮಿತಿಯ ‘ಏ’ಗೆ ‘ಓನ್ಲಿ’ ಸರಿಹೊಂದಿದ್ದನ್ನು ಕಂಡು ಉಳಿದೆಲ್ಲ ‘ಏ’ಗಳಿಗೂ ಅದನ್ನೇ ಹಚ್ಚಿದರು. ‘ಹಿ ಕೇಮ್ ಟುಡೇ ಓನ್ಲಿ’, ‘ಹಿ ಈಸ್ ಲೈಕ್ ದಟ್ ಓನ್ಲಿ’ ಮುಂತಾದವು ಹುಟ್ಟಿದ್ದು ಹೀಗೆ. ‘ಏ’ ಪದದ ಕೊನೆಗೆ ಹತ್ತುವುದರಿಂದ ‘ಓನ್ಲಿ’ಯೂ ಕೊನೆಗೇ ಬಂತು. ಇದು ಕನ್ನಡಿಗರೊಬ್ಬರ ಗುಣವೇನಲ್ಲ. ಹಿಂದಿಯ ‘ಹೀ’ ಎಂಬುದನ್ನು ಬೆನ್ನಿಗಿಟ್ಟುಕೊಂಡವರೂ ಇದೇ ದಾರಿ ಹಿಡಿದಿದ್ದಾರೆ. ಆದರೆ ಆ ಹುಡುಗಿ ಹೇಳಿದ್ದು ‘ಇಬ್ಬರೇ’ ಎಂಬ ಮಿತಿಯ ಅರ್ಥದಲ್ಲಿ. ಬ್ಯಾಂಕಿನ ಚೆಕ್ಕಿನ ಮೇಲೆ ‘ರುಪೀಸ್ ಒನ್ ಹಂಡ್ರೆಡ್ ಓನ್ಲಿ’ ಎಂದು ಬರೆಯುವಾಗ ಯಾರೂ ನಗುವುದಿಲ್ಲ. ಎರಡು ತಪ್ಪುಗಳಲ್ಲಿ ಒಂದು ಹೀಗೆ ಮುಕ್ಕಾಲುಪಾಲು ಕರಗಿತು.

‘ಹ್ಯಾವಿಂಗ್’ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಇಂಗ್ಲಿಷಿನಲ್ಲಿ ‘ಹ್ಯಾವ್’, ‘ನೋ’, ‘ಬಿಲೀವ್’ ಮೊದಲಾದ ಸ್ಥಿತಿವಾಚಕ ಕ್ರಿಯಾಪದಗಳು ಸಾಮಾನ್ಯವಾಗಿ ‘ಇಂಗ್’ ರೂಪ ತಾಳುವುದಿಲ್ಲ. ‘ಐ ಆಮ್ ಹ್ಯಾವಿಂಗ್ ಲಂಚ್’ ಎನ್ನಬಹುದು, ಊಟ ಮಾಡುವುದು ಒಂದು ಕ್ರಿಯೆ, ಅಣ್ಣಂದಿರಿರುವುದು ಸ್ಥಿತಿ. ಕನ್ನಡಕ್ಕಾದರೋ ‘ಹ್ಯಾವ್’ ಎಂಬ ಕ್ರಿಯಾಪದವೇ ಇಲ್ಲ. ನನಗೆ ಅಣ್ಣಂದಿರಿದ್ದಾರೆ, ನನ್ನ ಹತ್ತಿರ ಹಣವಿದೆ, ನನ್ನಲ್ಲಿ ಧೈರ್ಯವಿದೆ: ಬಂಧುಗಳಿಗೊಂದು ರೀತಿ, ವಸ್ತುವಿಗೊಂದು, ಗುಣಕ್ಕೊಂದು. ಇಂಗ್ಲಿಷ್ ಈ ಮೂರನ್ನೂ ‘ಐ ಹ್ಯಾವ್’ ಎಂಬ ಒಂದೇ ಒಡೆತನದೊಳಗೆ ಅದುಮುತ್ತದೆ. ಅಣ್ಣನನ್ನೂ ಅಂಗಿಯನ್ನೂ ಒಂದೇ ಕ್ರಿಯಾಪದದಿಂದ ಹೊಂದುವ ಭಾಷೆ ಕಲಿಯುವವರಿಗೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಇತ್ತ ಕನ್ನಡದ ‘ಬರುತ್ತಿದ್ದಾರೆ’ ಎಂಬುದರ ಬಾಲವೂ ‘ಇದ್ದಾರೆ’, ‘ಅಣ್ಣಂದಿರಿದ್ದಾರೆ’ ಎಂಬುದರ ಬಾಲವೂ ‘ಇದ್ದಾರೆ’. ಈ ಸಾಮ್ಯವೇ ‘ಇಂಗ್’ ಅನ್ನು ಎಳೆದು ತಂದಿರಬಹುದೆಂಬುದು ಅಧ್ಯಾಪಕರ ಊಹೆ. ಈ ರೂಪ ಭಾರತದ ಉದ್ದಗಲಕ್ಕೂ ಕೇಳಿಬರುವುದರಿಂದ ಅದನ್ನು ಕನ್ನಡದ ಬಾಲಕ್ಕಷ್ಟೇ ಕಟ್ಟಿಹಾಕಲಾಗದೆಂಬುದೂ ಅವರಿಗೆ ತಿಳಿದಿತ್ತು.

‘ಇಂಗ್’ ರೂಪದ ಚರಿತ್ರೆಯನ್ನು ಓದಿದ ಮೇಲೆ ನಗುವ ಹಕ್ಕು ಯಾರಿಗಿದೆಯೆಂಬ ಪ್ರಶ್ನೆ ಎದ್ದಿತು. ಮನೆ ಕಟ್ಟಲ್ಪಡುತ್ತಿದೆ ಎಂಬುದನ್ನು ಹಿಂದೆ ಇಂಗ್ಲಿಷರು ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂಬ ಹೊಸ ರೂಪ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ತಲೆದೋರಿದಾಗ ಪಂಡಿತರಿಗೆ ಅದು ಅಸಹ್ಯವಾಗಿ ಕಂಡಿತು. ಹತ್ತೊಂಬತ್ತನೆಯ ಶತಮಾನವಿಡೀ ಅದರ ಮೇಲೆ ಕಟು ಟೀಕೆ ನಡೆಯಿತು. ಇಂದು ಹಳೆಯ ರೂಪವನ್ನು ಬರೆದರೆ ಅದೇ ತಪ್ಪಾಗುತ್ತದೆ. ಇನ್ನು ‘ಲವ್’ ಎಂಬುದು ಸ್ಥಿತಿವಾಚಕ, ‘ಇಂಗ್’ ಸಲ್ಲದು ಎಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದಾಗಲೇ ಮೆಕ್‌ಡೊನಾಲ್ಡ್ಸ್ ಸಂಸ್ಥೆ 2003ರಲ್ಲಿ ‘ಐ ಆಮ್ ಲವಿಂಗ್ ಇಟ್’ ಎಂಬ ಘೋಷಣೆಯನ್ನು ಜಗತ್ತಿನ ಗೋಡೆಗಳಿಗೆಲ್ಲ ಹಚ್ಚಿತು. ಫಲಕದ ಮೇಲೆ ಬಂದದ್ದು ಸೊಗಸು, ಹಳ್ಳಿಯ ಹುಡುಗಿಯ ಬಾಯಲ್ಲಿ ಬಂದದ್ದು ತಪ್ಪು.

ಹಾಗಾದರೆ ಶಾಲೆಯ ನಿಯಮಗಳು ಎಲ್ಲಿಂದ ಬಂದವು? ಭಾರತದ ಹಲವು ತಲೆಮಾರುಗಳಿಗೆ ಇಂಗ್ಲಿಷ್ ವ್ಯಾಕರಣವೆಂದರೆ ರೆನ್ ಮತ್ತು ಮಾರ್ಟಿನ್. ಉತ್ತಮಪುರುಷಕ್ಕೆ ‘ಶಲ್’, ಉಳಿದವಕ್ಕೆ ‘ವಿಲ್’ ಎಂದು ಅದರಲ್ಲಿ ಬಾಯಿಪಾಠ ಮಾಡಿದವರು ಈಗಲೂ ಇದ್ದಾರೆ. ಈ ನಿಯಮವನ್ನು ಮೊದಲು ಸೂತ್ರದ ರೂಪಕ್ಕೆ ತಂದವನು ಜಾನ್ ವಾಲಿಸ್, 1653ರಲ್ಲಿ. ಅವನು ಗಣಿತಜ್ಞ, ಅನಂತವನ್ನು ಸೂಚಿಸುವ ಚಿಹ್ನೆಯನ್ನು ಗಣಿತಕ್ಕೆ ಕೊಟ್ಟವನೂ ಅವನೇ. ತನ್ನ ಇಂಗ್ಲಿಷ್ ವ್ಯಾಕರಣವನ್ನು ಅವನು ಬರೆದದ್ದು ಲ್ಯಾಟಿನ್ನಿನಲ್ಲಿ. ನೂರು ವರ್ಷಗಳ ತರುವಾಯ, 1762ರಲ್ಲಿ, ರಾಬರ್ಟ್ ಲೌತ್ ಪ್ರಕಟಿಸಿದ ಚಿಕ್ಕ ವ್ಯಾಕರಣವು ಶೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ವಾಕ್ಯಗಳಲ್ಲಿಯೂ ಅಡಿಟಿಪ್ಪಣಿಯಲ್ಲಿ ತಪ್ಪು ಹುಡುಕಿತು. ವಾಕ್ಯದ ಕೊನೆಯಲ್ಲಿ ಉಪಸರ್ಗಾವ್ಯಯ ಬರುವುದು ಗಂಭೀರ ಬರಹಕ್ಕೆ ಒಪ್ಪದೆಂದು ಹೇಳುವ ಲೌತನ ವಾಕ್ಯವೇ ಅಂಥದೊಂದು ಅವ್ಯಯದಿಂದ ಮುಗಿಯುತ್ತದೆ. ಅದು ವಿನೋದವೋ ಮರೆವೋ ಎಂಬ ಚರ್ಚೆ ಬೇರೆ. ಆಡುಮಾತು ವೈಯಾಕರಣನ ಬಾಗಿಲನ್ನು ಹೇಗಾದರೂ ತಳ್ಳಿಕೊಂಡು ಒಳಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಚೆಂದದ ನಿದರ್ಶನ ಸಿಗುವುದು ಕಷ್ಟ.

ಸಂಸ್ಕೃತ ಬಲ್ಲವರಿಗೆ ಇಲ್ಲಿ ಪತಂಜಲಿ ನೆನಪಾಗುತ್ತಾನೆ. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಡಕೆ ಮಾಡಿಕೊಡೆಂದು ಕೇಳುತ್ತಾನೆ; ಮಾತು ಬೇಕಾದವನು ವೈಯಾಕರಣನ ಮನೆಗೆ ಹೋಗಿ ಶಬ್ದ ಮಾಡಿಕೊಡೆಂದು ಕೇಳುವುದಿಲ್ಲ ಎಂದು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ ಅವನು ಹೇಳಿದ್ದಾನೆ. ಇಂಗ್ಲಿಷಿನ ವೈಯಾಕರಣರು ಈ ತಿಳಿವಿಗೆ ಬರಲು ಬಹಳ ಕಾಲ ಹಿಡಿಯಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಫ್ರೀಸ್ ತನ್ನ 1940ರ ಪುಸ್ತಕಕ್ಕೆ ಆಧಾರವಾಗಿ ತೆಗೆದುಕೊಂಡದ್ದು ಜನರು ಸರಕಾರಕ್ಕೆ ಬರೆದ ಪತ್ರಗಳನ್ನು. 1952ರ ಪುಸ್ತಕಕ್ಕೆ ಇನ್ನೂ ಮುಂದೆ ಹೋಗಿ ಸುಮಾರು 50 ಗಂಟೆಗಳ ದೂರವಾಣಿ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡ. ಎರಡೂವರೆ ಲಕ್ಷ ಪದಗಳಷ್ಟು ಮಾತು ಅದು. ನಾಮಪದ, ಕ್ರಿಯಾಪದ ಎಂಬ ಹಳೆಯ ಹೆಸರುಗಳನ್ನು ಬದಿಗಿಟ್ಟು, ಯಾವ ಪದ ವಾಕ್ಯದ ಯಾವ ಸ್ಥಾನದಲ್ಲಿ ಕೂರುತ್ತದೆ ಎಂಬುದನ್ನಷ್ಟೇ ನೋಡಿ, ಒಂದು, ಎರಡು, ಮೂರು, ನಾಲ್ಕು ಎಂದು ವರ್ಗಗಳಿಗೆ ಅಂಕಿ ಕೊಟ್ಟ. ಆ ಅಂಕಿಗಳು ಉಳಿಯಲಿಲ್ಲ. ಮಾತನಾಡುವವರ ಬಾಯಿಂದಲೇ ವ್ಯಾಕರಣವನ್ನು ತೆಗೆಯಬೇಕೆಂಬ ಹಟ ಉಳಿಯಿತು. 1959ರಲ್ಲಿ ರಾಂಡಾಲ್ಫ್ ಕ್ವರ್ಕ್ ಇಂಗ್ಲೆಂಡಿನಲ್ಲಿ ಆರಂಭಿಸಿದ ಇಂಗ್ಲಿಷ್ ಬಳಕೆಯ ಸಮೀಕ್ಷೆ ಹತ್ತು ಲಕ್ಷ ಪದಗಳನ್ನು ಕಲೆಹಾಕಿತು. ಅದರಲ್ಲಿ ಅರ್ಧ ಬರಹ, ಅರ್ಧ ಮಾತು. ಕಾಗದದ ಚೀಟಿಗಳ ಮೇಲೆ ವಿಂಗಡಿಸಿದ ಆ ರಾಶಿಯಿಂದಲೇ 1985ರ ಬೃಹತ್ ವ್ಯಾಕರಣದ ಬಹುಪಾಲು ತಿಳಿವಳಿಕೆ ಬಂದದ್ದು.

ದೂರವಾಣಿಯಲ್ಲಿ ಆಡಿದ ಮಾತಿನಲ್ಲಿ ವ್ಯಾಕರಣ ಹೇಗೆ ಕಾಣುತ್ತದೆಂದು ಅಧ್ಯಾಪಕರು ತಾವೇ ಪರೀಕ್ಷಿಸಿದರು. ಅರ್ಥವಿಲ್ಲದ ಪದಗಳಿಂದ ಒಂದು ವಾಕ್ಯ ಹೊಸೆದರು: ‘ದಿ ಮಿಲಪ್ಸ್ ಟೋಗ್ಡ್ ಎ ಸಾರಿಬ್.’ ಮಿಲಪ್ ಎಂದರೇನೋ ಯಾರಿಗೂ ತಿಳಿಯದು. ಆದರೂ ಅವು ಒಂದಕ್ಕಿಂತ ಹೆಚ್ಚು, ಅವು ಏನನ್ನೋ ಮಾಡಿದುವು, ಮಾಡಿದ್ದು ಒಂದು ಸಾರಿಬಿಗೆ, ಅದು ಈಗಾಗಲೇ ನಡೆದುಹೋಗಿದೆ ಎಂಬಷ್ಟು ಸಂಗತಿ ಕೇಳಿದೊಡನೆ ತಿಳಿಯುತ್ತದೆ. ‘ದಿ’, ‘ಎ’, ಒಂದು ‘ಸ್’, ಒಂದು ‘ಡ್’ ಮತ್ತು ಪದಗಳು ನಿಂತ ಸಾಲು, ಇಷ್ಟೇ ಇಂಗ್ಲಿಷಿನ ಬಂಡವಾಳ. ಈ ಬಂಡವಾಳದಲ್ಲಿ ಒಂದು ಕಾಸು ಕಡಿಮೆಯಾದರೆ ಏನಾಗುತ್ತದೆಂದು ನೋಡಲು ತಂತಿಯ ಭಾಷೆಯಲ್ಲಿ ಇನ್ನೊಂದು ವಾಕ್ಯ ಬರೆದರು: ‘ಗಾರ್ಡ್ ವಾಚಸ್ ಅಟ್ ನೈಟ್.’ ಕಾವಲುಗಾರ ರಾತ್ರಿ ಕಾಯುತ್ತಾನೆಯೋ, ಕೈಗಡಿಯಾರಗಳನ್ನು ರಾತ್ರಿ ಕಾಯಿ ಎಂಬ ಅಪ್ಪಣೆಯೋ? ‘ದಿ’ ಎಂಬುದನ್ನು ಮೊದಲ ಪದದ ಮುಂದಿಟ್ಟರೆ ಒಂದು, ಎರಡನೆಯದರ ಮುಂದಿಟ್ಟರೆ ಮತ್ತೊಂದು. ಕನ್ನಡದಲ್ಲಿ ಇಂಥ ಗೊಂದಲಕ್ಕೆ ಎಡೆಯಿಲ್ಲ. ‘ಗಳನ್ನು’ ಎಂಬ ದ್ವಿತೀಯೆಯೂ ‘ತ್ತಾನೆ’ ಎಂಬ ಆಖ್ಯಾತವೂ ಕಾವಲಿಗಿವೆ. ಕನ್ನಡದ ವಾಕ್ಯದಲ್ಲಿ ಪದಗಳು ಬೇಕಾದಲ್ಲಿ ಓಡಾಡಬಲ್ಲವು, ಏಕೆಂದರೆ ಪ್ರತಿಯೊಂದೂ ತನ್ನ ಗುರುತಿನ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡಿರುತ್ತದೆ. ಇಂಗ್ಲಿಷಿನ ಪದಕ್ಕೆ ತಾನು ನಿಂತ ಜಾಗವೇ ಗುರುತು.

ಇಂಗ್ಲಿಷ್ ಹುಟ್ಟಿನಿಂದ ಹೀಗಿರಲಿಲ್ಲವೆಂಬುದು ಅಧ್ಯಾಪಕರನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಸಂಗತಿ. ಇಂದು ದಿನಕ್ಕೆ ಹತ್ತು ಸಲ ಕೇಳುವ ‘ಐ ಲೈಕ್’ ಎಂಬ ಮಾತನ್ನೇ ನೋಡಬಹುದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಲೀಸಿಯನ್’ ಎಂಬ ಈ ಕ್ರಿಯಾಪದಕ್ಕೆ ‘ಇಷ್ಟವಾಗು’, ‘ಹಿಡಿಸು’ ಎಂದರ್ಥವಿತ್ತು. ಇಷ್ಟಪಡುವವನು ಚತುರ್ಥಿಯಲ್ಲಿದ್ದ, ಇಷ್ಟವಾದ ವಸ್ತು ಕರ್ತೃವಾಗಿತ್ತು. ಎಂದರೆ ‘ನನಗೆ ಇಷ್ಟವಾಗುತ್ತದೆ’ ಎಂಬ ಕನ್ನಡದ ಸರಣಿಯೇ. ಈ ಪಲ್ಲಟವನ್ನು ವಿವರಿಸಲು ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಅರಸ ಮತ್ತು ಮರಸೇಬಿನ ನಿದರ್ಶನವನ್ನು ಕೊಟ್ಟಿದ್ದಾನೆ. ಮೊದಲ ಹಂತದಲ್ಲಿ ಅರಸನಿಗೆ ಮರಸೇಬುಗಳು ಹಿಡಿಸಿದುವು. ಕ್ರಿಯಾಪದ ಮರಸೇಬಿನ ಬಹುವಚನವನ್ನು ಅನುಸರಿಸುತ್ತಿತ್ತು. ಕಾಲಕ್ರಮದಲ್ಲಿ ‘ಅರಸನಿಗೆ’ ಎಂಬಲ್ಲಿದ್ದ ವಿಭಕ್ತಿ ಸವೆದುಹೋಯಿತು. ಕ್ರಿಯಾಪದದ ಬಹುವಚನವೂ ಸವೆಯಿತು. ಪ್ರತ್ಯಯವಿಲ್ಲದ ಅರಸ ವಾಕ್ಯದ ಮೊದಲಲ್ಲಿ ನಿಂತಿದ್ದ. ಮೊದಲಲ್ಲಿ ನಿಂತವನೇ ಕರ್ತೃ ಎಂದು ಎಣಿಸುವ ಅಭ್ಯಾಸ ಅಷ್ಟರಲ್ಲಿ ಬಲಿತಿತ್ತು. ಹೀಗೆ ಒಂದು ಪದವೂ ತನ್ನ ಜಾಗ ಬಿಟ್ಟು ಕದಲದೆ, ಹಿಡಿಸಿಕೊಳ್ಳುತ್ತಿದ್ದ ಅರಸ ಇಷ್ಟಪಡುವ ಅರಸನಾದ. ಯಾವ ವಿದ್ವತ್ಪರಿಷತ್ತೂ ಇದನ್ನು ನಿರ್ಣಯಿಸಲಿಲ್ಲ. ಕೇಳುಗರು ಹಳೆಯ ವಾಕ್ಯವನ್ನು ಹೊಸದಾಗಿ ಅರ್ಥಮಾಡಿಕೊಂಡರು, ಅಷ್ಟೆ. ಕಟ್ಟುನಿಟ್ಟಾಗಿ ನೋಡಿದರೆ ಅದೂ ಒಂದು ತಪ್ಪೇ.

ಆ ಹಳೆಯ ಚತುರ್ಥಿಯ ತುಣುಕೊಂದು ಶೇಕ್ಸ್‌ಪಿಯರನ ಕಾಲದ ‘ಮಿಥಿಂಕ್ಸ್’ ಎಂಬ ಪದದಲ್ಲಿ ಉಳಿದಿತ್ತು. ‘ನನಗೆ ತೋರುತ್ತದೆ’ ಎಂದು ಅದರ ಅರ್ಥ. ಈಗ ಅದನ್ನು ಹಾಸ್ಯಕ್ಕೆ ಹೊರತು ಯಾರೂ ಬಳಸುವುದಿಲ್ಲ. ಚತುರ್ಥಿ ಹೋದ ಮೇಲೆ ಇಂಗ್ಲಿಷಿಗೆ ಕರ್ತೃವಿನ ಪೀಠ ಖಾಲಿ ಬಿಡಲು ಬಾರದಂತಾಯಿತು. ಮಳೆ ಬರುವಾಗ ಕೂಡ ‘ಇಟ್ ಈಸ್ ರೇನಿಂಗ್’ ಎಂದು ಯಾರೆಂದೇ ತಿಳಿಯದ ಒಂದು ‘ಇಟ್’ ಅನ್ನು ಅಲ್ಲಿ ಕೂರಿಸಬೇಕು. ಹಸಿವು ತನಗೆ ಆಗುವುದೆಂದು ಕನ್ನಡದವರು ತಿಳಿದಿದ್ದರೆ ಇಂಗ್ಲಿಷರು ತಾವೇ ಹಸಿದವರಾಗುತ್ತಾರೆ. ಇದರಿಂದ ಎರಡು ಜನಾಂಗಗಳ ಮನೋಧರ್ಮದ ಬಗ್ಗೆ ದೊಡ್ಡ ತೀರ್ಮಾನ ಮಾಡುವವರಿದ್ದಾರೆ. ಕನ್ನಡಿಗ ವಿನಯಶಾಲಿ, ಇಂಗ್ಲಿಷನು ಅಹಂಕಾರಿ ಎಂದು ವಿಚಾರಸಂಕಿರಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ವಿಭಕ್ತಿ ಪ್ರತ್ಯಯಗಳು ಸವೆದದ್ದಕ್ಕೂ ಅಹಂಕಾರಕ್ಕೂ ಸಂಬಂಧವಿಲ್ಲ. ಆ ತೀರ್ಮಾನವನ್ನು ಒಪ್ಪಿದರೆ ಸಾವಿರ ವರ್ಷದ ಹಿಂದೆ ಇಂಗ್ಲಿಷರೂ ವಿನಯಶಾಲಿಗಳಾಗಿದ್ದರೆಂದು ಒಪ್ಪಬೇಕಾಗುತ್ತದೆ.

ಪ್ರಶ್ನೆಯ ಬಾಲದ ವಿಷಯವೂ ಇಂಥದೇ. ಕನ್ನಡದ ‘ಅಲ್ಲವೆ’ ಎಲ್ಲ ವಾಕ್ಯಗಳಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಯು ಆರ್ ಕಮಿಂಗ್’ ಎಂಬುದಕ್ಕೆ ‘ಆರಂಟ್ ಯು’, ‘ಶಿ ವೆಂಟ್’ ಎಂಬುದಕ್ಕೆ ‘ಡಿಡಂಟ್ ಶಿ’. ವಾಕ್ಯ ವಿಧಿರೂಪದಲ್ಲಿದ್ದರೆ ಬಾಲ ನಿಷೇಧದಲ್ಲಿ. ಎಲ್ಲಿಯೂ ಹೇಳದ ‘ಡು’ ಎಂಬ ಸಹಾಯಕ ಕ್ರಿಯಾಪದ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಅಲ್ಲಿನ ಪುಟ್ಟ ಮಗುವೂ ಇದನ್ನು ತಪ್ಪದೆ ಹೇಳುತ್ತದೆ, ಕಾರಣ ಕೇಳಿದರೆ ಅದರ ತಂದೆಗೂ ಗೊತ್ತಿರುವುದಿಲ್ಲ. ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಹಕ್ಕಿಯಂಥ ಒಂದು ಚಿತ್ರ ತೋರಿಸಿ ಇದು ‘ವಗ್’, ಈಗ ಎರಡಿವೆ ಎಂದರೆ ಮಕ್ಕಳು ತಾವೆಂದೂ ಕೇಳದ ಆ ಪದಕ್ಕೆ ಬಹುವಚನದ ಸರಿಯಾದ ಧ್ವನಿಯನ್ನು ಸೇರಿಸಿ ಹೇಳಿದರು. ಕೇಳಿದ್ದನ್ನು ಒಪ್ಪಿಸಿದ್ದಲ್ಲ, ಕೇಳಿದ್ದರಿಂದ ತೆಗೆದ ಕ್ರಮವನ್ನು ಬಳಸಿದ್ದು. ಪಿಟ್ ಕಾರ್ಡರ್ 1967ರಲ್ಲಿ ಬರೆದ ಪ್ರಸಿದ್ಧ ಲೇಖನ ಎರಡನೆಯ ಭಾಷೆ ಕಲಿಯುವವರ ತಪ್ಪುಗಳಲ್ಲಿಯೂ ಇಂಥ ಕ್ರಮವನ್ನು ಕಾಣಬೇಕೆಂದಿತು. ಹಲಗೆಯಾಚೆಯ ತರಗತಿಗೆ ಆ ಲೇಖನ ತಲುಪಿರಲಿಲ್ಲ.

ತಲುಪದೆ ಇರಲು ದೂರವೇನೂ ಕಾರಣವಲ್ಲ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಜಗತ್ತಿನಲ್ಲಿ ಬೆಂಗಳೂರು ಯೋಜನೆ ಎಂದೇ ಹೆಸರಾಗಿದೆ. ‘ದಿಸ್ ಈಸ್ ಎ ಪೆನ್’ ಎಂದು ರಚನೆಗಳನ್ನು ಒಂದೊಂದಾಗಿ ಉರುಹಚ್ಚಿಸುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು ಲೆಕ್ಕ ಬಿಡಿಸುವಂತೆ ಬಿಡಿಸಲು ಹೇಳಿದರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆಂಬುದು ಅವರ ನಂಬಿಕೆ. ಅದರ ಫಲಿತಾಂಶದ ಬಗ್ಗೆ ಭಿನ್ನಾಭಿಪ್ರಾಯವುಂಟು. ಹುಡುಗಿಯೊಬ್ಬಳು ತನ್ನ ಅಣ್ಣಂದಿರ ಬಗ್ಗೆ ಹೇಳುತ್ತಿದ್ದಾಗ ಅಣ್ಣಂದಿರ ಬಗ್ಗೆ ಕೇಳಬೇಕೆಂಬಷ್ಟಾದರೂ ಅದು ಕಲಿಸಬಲ್ಲದಾಗಿತ್ತು.

ಕನ್ನಡದ ಮೇಷ್ಟ್ರು ಇಂಗ್ಲಿಷ್ ತರಗತಿಯ ಬಗ್ಗೆ ಇಷ್ಟು ಹೇಳಿ ಸುಮ್ಮನಾಗುವಂತಿರಲಿಲ್ಲ. ಕೇಶಿರಾಜ ತನ್ನ ಸೂತ್ರಗಳಿಗೆ ಪ್ರಯೋಗಗಳನ್ನು ಎತ್ತಿಕೊಂಡದ್ದು ಕವಿಗಳಿಂದ. ಹದಿಮೂರನೆಯ ಶತಮಾನದಲ್ಲಿ ಅದು ಸಹಜ. ಆದರೆ ಇಂದಿಗೂ ವ್ಯಾಕರಣದ ಪ್ರಶ್ನೆಪತ್ರಿಕೆಯಲ್ಲಿ ‘ರಾಮನು ಮರವನ್ನು ಕಡಿದನು’ ಎಂಬಂಥ, ಯಾರ ಮನೆಯಲ್ಲಿಯೂ ಯಾರೂ ಆಡದ ವಾಕ್ಯಗಳೇ ಇರುತ್ತವೆ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗ ಮೊದಲಾದ ಕಡೆಯ ಕನ್ನಡದ ವಿವರಣೆಗಳನ್ನು ಪ್ರಕಟಿಸಿತು. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು. ಅವು ಗ್ರಂಥಾಲಯದ ಕಪಾಟಿನಲ್ಲಿವೆ. ತರಗತಿಯಲ್ಲಿ ‘ನಂಗೆ ಗೊತ್ತಿಲ್ಲ ಸಾರ್’ ಎಂದು ಎದ್ದು ನಿಂತ ಹುಡುಗನಿಗೆ ‘ನನಗೆ’ ಎನ್ನು ಎಂದು ತಿದ್ದುವುದನ್ನು ಈ ಅಧ್ಯಾಪಕರೂ ಮಾಡಿದ್ದರು. ಎಷ್ಟು ಸಲವೆಂದು ಅವರಿಗೇ ಲೆಕ್ಕವಿರಲಿಲ್ಲ.

ಮೂರನೆಯ ವರ್ಷದಲ್ಲಿ ಆ ಹುಡುಗಿ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯಾಗಿ ಈಚೆಯ ಕೋಣೆಗೆ ಬಂದಳು. ಚತುರ್ಥಿ ವಿಭಕ್ತಿಯ ಪಾಠದ ದಿನ ಅರಸನ ಮರಸೇಬಿನ ಕಥೆ ಹೇಳಿ ಮುಗಿಸಿದಾಗ ಅವಳು ಎದ್ದು ನಿಂತಳು. ‘ಸಾರ್, ಫಸ್ಟ್ ಇಯರ್‌ನಲ್ಲಿ ನಾನೊಂದು ವಾಕ್ಯ ಹೇಳಿದ್ದೆ. ತಪ್ಪು ಅಂದರು. ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ.’

‘ನನಗೆ ಕೇಳಿಸಿತ್ತಮ್ಮ’ ಎಂದರು ಅಧ್ಯಾಪಕರು. ಮೂರು ವರ್ಷ ಏಕೆ ಸುಮ್ಮನಿದ್ದಿರೆಂದು ಅವಳು ಕೇಳಲಿಲ್ಲ. ಅವರು ಆ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ಅರ್ಧ ಗಂಟೆ ಬಿಡಿಸಿ ಹೇಳಿದರು. ಆ ದಿನ ಹಲಗೆಯಾಚೆಯ ಕೋಣೆ ನಿಶ್ಶಬ್ದವಾಗಿತ್ತು. ಕೊನೆಗೆ ತರಗತಿಗೊಂದು ಕೆಲಸ ಕೊಟ್ಟರು: ಮನೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಕೇಳಿದ ಹತ್ತು ಕನ್ನಡ ವಾಕ್ಯಗಳನ್ನು ಕೇಳಿದಂತೆಯೇ ಬರೆದುಕೊಂಡು ಬರುವುದು, ತಿದ್ದದೆ.

ಮರುವಾರ ಬಂದ ನಲವತ್ತು ಪುಸ್ತಕಗಳಲ್ಲಿ ಮೂವತ್ತರಷ್ಟು ತಿದ್ದಿದ ವಾಕ್ಯಗಳೇ ಇದ್ದವು. ಅವಳ ಪುಸ್ತಕದ ಮೊದಲ ಸಾಲು ಅವಳದೇ ಮಾತು: ‘ನಂಗೆ ಇಬ್ರೇ ಅಣ್ಣಂದ್ರು.’ ಅದರ ಕೆಳಗೆ ಕೇಳದಿದ್ದರೂ ಇಂಗ್ಲಿಷಿನಲ್ಲಿ ಬರೆದಿದ್ದಳು. ‘ಹ್ಯಾವಿಂಗ್’ ಎಂಬುದನ್ನು ಹೊಡೆದುಹಾಕಿ ‘ಹ್ಯಾವ್’ ಮಾಡಿದ್ದಳು. ‘ಓನ್ಲಿ’ಯನ್ನು ಇದ್ದಲ್ಲಿಯೇ ಬಿಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಚಿಕ್ಕದಾಗಿ ‘ಏ’ ಎಂದು ಬರೆದು ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.